ಲಿಪಿ, ನೆಲ, ಮೇಷ್ಟ್ರು: ಚೆರೋಕಿ ಜನರ ಕಥೆ, ನಮ್ಮ ವಿಶಾಖಪಟ್ಟಣದ ಬೆಟ್ಟದ ಕಥೆ

ಈ ವಾರದ ಮಾತುಕತೆಯನ್ನ ಓದೋಕೆ ಅನುಕೂಲ ಆಗೋ ಹಾಗೆ ಸ್ವಲ್ಪ ತಿದ್ದಿ ಇಲ್ಲಿ ಕೊಟ್ಟಿದೀವಿ.

ವಿಶಾಖಪಟ್ಟಣದಲ್ಲೋ ವಿಜಯವಾಡದಲ್ಲೋ ಕೆಲಸ ಮಾಡ್ತಿರೋ ನಮ್ಮ ಕನ್ನಡದ ಗೆಳೆಯರಲ್ಲಿ ಬಹಳ ಜನ ಅರಕುಗೆ ಹೋಗಿ ಬಂದಿರ್ತೀರಿ. ಗಾಜಿನ ಬೋಗಿಯ ರೈಲು, ಸಾಲು ಸಾಲು ಸುರಂಗ, ಬೊರ್ರಾ ಗುಹೆ, ಬಿದಿರಿನ ಒಳಗೆ ಬೇಯಿಸಿದ ಕೋಳಿ, ಅರ್ಧ ಕೆಜಿ ಕಾಫಿ ಪುಡಿ, ಭಾನುವಾರ ರಾತ್ರಿ ವಾಪಸ್. ಆ ಬೆಟ್ಟಗಳ ಸಾಲಿನಲ್ಲಿ ಇರೋರು ಯಾರು, ಅವರ ಮನೆಯಲ್ಲಿ ಆಡೋ ಮಾತು ಯಾವುದು ಅಂತ ಕೇಳಿದರೆ ‘ಟ್ರೈಬಲ್ಸ್, ತೆಲುಗು ಮಾತಾಡ್ತಾರೆ’ ಅನ್ನೋ ಉತ್ತರ ಬರುತ್ತೆ. ಈ ಉತ್ತರ ಸರಿಯಿಲ್ಲ. ಯಾಕೆ ಸರಿಯಿಲ್ಲ ಅನ್ನೋದನ್ನ ಹೇಳೋಕೆ ಮೊದಲು ಅಮೆರಿಕಕ್ಕೆ ಒಂದು ಸುತ್ತು ಹೋಗಿ ಬರೋಣ. ಕಾರಣ ಇದೆ.

ಒಂದು ಸಣ್ಣ ಸಮುದಾಯ ತನ್ನತನ ಉಳಿಸಿಕೊಳ್ಳಬೇಕು ಅಂದ್ರೆ ಏನು ಬೇಕು? ನಮ್ಮಲ್ಲಿ ಸಾಮಾನ್ಯವಾಗಿ ಕೇಳಿಬರೋ ಉತ್ತರ: ‘ಭಾಷೆಗೆ ಸ್ವಂತ ಲಿಪಿ ಬೇಕು’. ತುಳು ಬಗ್ಗೆ ಮಾತು ಬಂದಾಗಲೂ ಇದೇ, ಕೊಡವ ತಕ್ಕ್ ಬಗ್ಗೆ ಬಂದಾಗಲೂ ಇದೇ. ಸ್ವಂತ ಲಿಪಿ ಮಾಡಿಕೊಂಡ ಇಬ್ಬರ ಕಥೆ ನೋಡಿದ್ರೆ ಈ ಉತ್ತರ ಎಷ್ಟು ದೂರ ಬರುತ್ತೆ, ಎಲ್ಲಿ ನಿಲ್ಲುತ್ತೆ ಅಂತ ಗೊತ್ತಾಗುತ್ತೆ.

ಓದು ಬಾರದವನು ಮಾಡಿದ ಲಿಪಿ

ಚೆರೋಕಿ ಜನ ಇದ್ದದ್ದು ಅಮೆರಿಕದ ಆಗ್ನೇಯ ಭಾಗದ ಬೆಟ್ಟಗಳಲ್ಲಿ, ಇವತ್ತಿನ ಜಾರ್ಜಿಯಾ, ಟೆನೆಸಿ, ಉತ್ತರ ಕೆರೊಲಿನಾ ಕಡೆ. ಅವರಲ್ಲಿ ಸೆಕ್ವೋಯ ಅನ್ನೋ ಒಬ್ಬ ಕಮ್ಮಾರ ಇದ್ದ. ಇಂಗ್ಲಿಷ್ ಓದೋಕೆ ಬರ್ತಿರಲಿಲ್ಲ. ಆದರೆ ಬಿಳಿಯರು ಕಾಗದದ ಮೇಲೆ ಗೀಚಿ ಮಾತನ್ನ ದೂರಕ್ಕೆ ಕಳಿಸ್ತಾರೆ ಅನ್ನೋದನ್ನ ಗಮನಿಸಿದ್ದ. ವರ್ಷಗಟ್ಟಲೆ ಕೂತು 1821ರ ಹೊತ್ತಿಗೆ ತನ್ನ ಭಾಷೆಗೆ ಒಂದು ಲಿಪಿ ಮಾಡಿಬಿಟ್ಟ. ಒಂದೊಂದು ಉಚ್ಚಾರಕ್ಕೆ ಒಂದೊಂದು ಗುರುತು, ಒಟ್ಟು 85ರ ಆಸುಪಾಸು. ಕನ್ನಡದಲ್ಲಿ ‘ಕಿ’, ‘ಕೆ’ ಅನ್ನೋದಕ್ಕೆ ‘ಕ’ ಇಟ್ಟುಕೊಂಡು ಗುಣಿಸ್ತೀವಲ್ಲ, ಅವರಲ್ಲಿ ಹಾಗಲ್ಲ, ಅವೆರಡಕ್ಕೂ ಬೇರೆ ಬೇರೆ ಗುರುತು. ತಮ್ಮದೇ ಭಾಷೆ ಆದ್ದರಿಂದ ಜನ ಬೇಗ ಕಲಿತರು. 1825ರಲ್ಲಿ ಚೆರೋಕಿ ಸರ್ಕಾರ ಅದನ್ನ ಅಧಿಕೃತವಾಗಿ ಒಪ್ಪಿತು. 1828ರಲ್ಲಿ ಅವರ ರಾಜಧಾನಿ ನ್ಯೂ ಎಕೋಟಾದಿಂದ ‘ಚೆರೋಕಿ ಫೀನಿಕ್ಸ್’ ಅನ್ನೋ ಪತ್ರಿಕೆ ಇಂಗ್ಲಿಷ್ ಮತ್ತು ಚೆರೋಕಿ ಎರಡರಲ್ಲೂ ಹೊರಟಿತು.

ಸ್ವಂತ ಲಿಪಿ, ಪತ್ರಿಕೆ, ಸಂವಿಧಾನ, ಶಾಲೆ ಎಲ್ಲ ಇತ್ತು. ಅಂದಮೇಲೆ ಉಳಿದುಕೊಂಡ್ರಾ?

1830ರಲ್ಲಿ ಅಮೆರಿಕ ಸಂಸತ್ತು ಮೂಲನಿವಾಸಿಗಳನ್ನ ಮಿಸಿಸಿಪ್ಪಿ ನದಿಯಾಚೆ ಸಾಗಿಸೋ ಕಾನೂನು ಮಾಡ್ತು. ಚೆರೋಕಿಗಳ ಹೋರಾಟ ಕೋರ್ಟಿಗೂ ಹೋಯ್ತು. 1832ರಲ್ಲಿ ವೂಸ್ಟರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿಯೇ ತೀರ್ಪು ಕೊಟ್ಟಿತು: ಚೆರೋಕಿ ನೆಲದ ಮೇಲೆ ಜಾರ್ಜಿಯಾ ರಾಜ್ಯದ ಕಾನೂನು ನಡೆಯೋದಿಲ್ಲ ಅಂತ. ತೀರ್ಪು ಕಾಗದದಲ್ಲೇ ಉಳೀತು. 1838-39ರಲ್ಲಿ ಸೈನ್ಯ ಬಂದು ಸುಮಾರು 16,000 ಜನರನ್ನ ಮನೆಗಳಿಂದ ಎಬ್ಬಿಸಿ ಇವತ್ತಿನ ಒಕ್ಲಹೋಮಾಗೆ ಹೊರಡಿಸಿತು. ದಾರಿಯಲ್ಲಿ, ಶಿಬಿರಗಳಲ್ಲಿ ಸತ್ತವರು ಸುಮಾರು 4,000 ಅಂತ ಲೆಕ್ಕ ಹೇಳ್ತಾರೆ. ಅದನ್ನೇ ‘ಕಣ್ಣೀರಿನ ಹಾದಿ’ ಅಂತ ಕರೆಯೋದು.

ಸ್ವಲ್ಪ ಜನ ಮಾತ್ರ ಹೋಗಲಿಲ್ಲ. ಉತ್ತರ ಕೆರೊಲಿನಾದ ಬೆಟ್ಟದಲ್ಲೇ ಉಳಿದರು. ಹೇಗೆ? ಅವರ ಹೆಸರಲ್ಲಿ ನೆಲ ಇಟ್ಟುಕೊಳ್ಳೋದು ಕಷ್ಟ ಇತ್ತು. ಅವರ ಮುಖಂಡ ಮಗನಂತೆ ಸಾಕಿದ್ದ ವಿಲಿಯಂ ಹಾಲೆಂಡ್ ಥಾಮಸ್ ಅನ್ನೋ ಬಿಳಿಯ ವ್ಯಾಪಾರಿ ತನ್ನ ಹೆಸರಲ್ಲಿ ಅವರಿಗಾಗಿ ನೆಲ ಕೊಂಡ. ಆ ನೆಲ ಇವತ್ತು ‘ಕ್ವಾಲಾ ಬೌಂಡರಿ’. ಅಲ್ಲಿರೋರು ಪೂರ್ವ ಚೆರೋಕಿಗಳು. ಅವರು ತಮ್ಮ ಬೆಟ್ಟದಲ್ಲೇ ಇರೋದು ಲಿಪಿಯಿಂದಲ್ಲ, ಪತ್ರಿಕೆಯಿಂದಲ್ಲ, ಸುಪ್ರೀಂ ಕೋರ್ಟಿಂದಲೂ ಅಲ್ಲ. ಕ್ರಯಪತ್ರದಿಂದ.

ಈಗ ನಮ್ಮ ಬೆಟ್ಟಕ್ಕೆ ಬನ್ನಿ

ಬೆಂಗಳೂರಿನಿಂದ ಭುವನೇಶ್ವರಕ್ಕೆ ಹೋಗೋ ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿದ್ರೆ ವಿಜಯವಾಡ, ವಿಶಾಖಪಟ್ಟಣ ದಾಟಿ ಶ್ರೀಕಾಕುಳಂ ಕಡೆ ಹೋಗುತ್ತೆ. ಅಲ್ಲಿ ಎಡಗಡೆ ಕಾಣೋ ಪೂರ್ವಘಟ್ಟದ ಬೆಟ್ಟಗಳು ಸೋರಾ ಜನರದ್ದು. ತೆಲುಗಿನಲ್ಲಿ ‘ಸವರ’ ಅಂತಾರೆ. ನಮ್ಮ ಪುರಾಣಗಳ ‘ಶಬರ’ರು ಇವರೇ ಅಂತ ಗುರುತಿಸೋದು ರೂಢಿ, ರಾಮಾಯಣದ ಶಬರಿಯನ್ನ ಅವರು ತಮ್ಮವಳು ಅಂತಲೇ ಹೇಳಿಕೊಳ್ತಾರೆ. ಇವತ್ತು ಅವರ ಊರುಗಳು ಆಂಧ್ರದ ಪಾರ್ವತೀಪುರಂ ಮನ್ಯಂ, ಶ್ರೀಕಾಕುಳಂ ಜಿಲ್ಲೆಗಳಲ್ಲೂ ಒಡಿಶಾದ ರಾಯಗಡ, ಗಜಪತಿ ಜಿಲ್ಲೆಗಳಲ್ಲೂ ಹರಡಿವೆ. ಬ್ರಿಟಿಷರ ಕಾಲದಲ್ಲಿ ಈ ಬೆಟ್ಟಗಳ ದೊಡ್ಡ ಭಾಗ ಮದ್ರಾಸ್ ಪ್ರಾಂತ್ಯದ ವಿಶಾಖಪಟ್ಟಣ ಮತ್ತು ಗಂಜಾಂ ಜಿಲ್ಲೆಗಳ ‘ಏಜೆನ್ಸಿ’. ಈಗಲೂ ವೈಜಾಗ್ ಜನ ಬೆಟ್ಟದ ಕಡೆಗೆ ‘ಏಜೆನ್ಸಿ’ ಅಂತಲೇ ಹೇಳೋದು.

ಸೋರಾ ಭಾಷೆ ತೆಲುಗಿನ ಉಪಭಾಷೆ ಅಲ್ಲ. ತೆಲುಗು, ಕನ್ನಡ, ತಮಿಳಿನ ಕುಟುಂಬವೂ ಅಲ್ಲ, ಒಡಿಯಾ, ಹಿಂದಿಯ ಕುಟುಂಬವೂ ಅಲ್ಲ. ಅದು ಮುಂಡಾ ಗುಂಪಿನ ಭಾಷೆ. ಸಂತಾಲಿ, ಮುಂಡಾರಿ ಅದರ ಅಕ್ಕತಂಗಿಯರು. ದೂರದ ನೆಂಟರು ಕಾಂಬೋಡಿಯಾದ ಖ್ಮೇರ್, ವಿಯೆಟ್ನಾಮಿನ ಭಾಷೆ. ಗಂಟಲಲ್ಲಿ ಉಸಿರನ್ನ ತಟ್ಟನೆ ತಡೆಯೋ ಒಂದು ಧ್ವನಿ ಅದರಲ್ಲಿದೆ, ಅದಕ್ಕೆ ನಮ್ಮ ವರ್ಣಮಾಲೆಯಲ್ಲಿ ಅಕ್ಷರವೇ ಇಲ್ಲ. 2011ರ ಜನಗಣತಿಯಲ್ಲಿ ಇದನ್ನ ಮಾತೃಭಾಷೆ ಅಂತ ಬರೆಸಿದವರು ಸುಮಾರು 4 ಲಕ್ಷ, ಅದರಲ್ಲಿ ಹೆಚ್ಚಿನವರು ಒಡಿಶಾ ಕಡೆಯವರು.

ಈ ಭಾಷೆಯನ್ನ ಮೊದಲು ಗಂಭೀರವಾಗಿ ಕಲಿತ ಹೊರಗಿನವರಲ್ಲಿ ಗಿಡುಗು ವೆಂಕಟ ರಾಮಮೂರ್ತಿಗಳ ಹೆಸರು ದೊಡ್ಡದು. ಆಗಸ್ಟ್ 29ರಂದು ಆಂಧ್ರದಲ್ಲಿ ‘ತೆಲುಗು ಭಾಷಾ ದಿನೋತ್ಸವ’ ಮಾಡ್ತಾರಲ್ಲ, ಅದು ಇವರ ಹುಟ್ಟಿದ ದಿನ. 1863ರಲ್ಲಿ ಶ್ರೀಕಾಕುಳಂ ಹತ್ತಿರ ಹುಟ್ಟಿದವರು. ಪುಸ್ತಕದ ಗ್ರಾಂಥಿಕ ತೆಲುಗು ಬಿಟ್ಟು ಆಡುಮಾತಿನ ತೆಲುಗಿನಲ್ಲಿ ಬರೀಬೇಕು ಅಂತ ಜಗಳ ಮಾಡಿದವರು. ತೆಲುಗಿನವರಿಗೆ ಅವರು ಗೊತ್ತಿರೋದು ಇದಕ್ಕೆ. ಆದರೆ ಪರ್ಲಾಕಿಮಿಡಿಯಲ್ಲಿ ಮೇಷ್ಟ್ರಾಗಿದ್ದಾಗ ಇವರು ಸೋರಾ ಕಲಿತು, ಬೆಟ್ಟ ಹತ್ತಿ, ಆ ಮಕ್ಕಳಿಗಾಗಿ ಪುಸ್ತಕ ಬರೆದರು, ಶಾಲೆ ನಡೆಸಿದರು. ಬೆಟ್ಟದ ಮಲೇರಿಯಾಕ್ಕೆ ಕ್ವಿನೈನ್ ತಗೊಂಡು ತಗೊಂಡು ಕಿವಿಯೇ ಹೋಯ್ತು ಅಂತ ಅವರ ಜೀವನಚರಿತ್ರೆ ಬರೆದವರು ಹೇಳ್ತಾರೆ. 1931ರಲ್ಲಿ ಅವರ ಸೋರಾ ವ್ಯಾಕರಣದ ಕೈಪಿಡಿ, 1930ರ ದಶಕದಲ್ಲೇ ನಿಘಂಟುಗಳು ಮದ್ರಾಸಿನಲ್ಲಿ ಅಚ್ಚಾದವು.

1936: ಗಡಿಯೂ ಬಂತು, ಲಿಪಿಯೂ ಬಂತು

1936ರ ಏಪ್ರಿಲ್ 1ಕ್ಕೆ ಒಡಿಶಾ ಪ್ರಾಂತ್ಯ ಹುಟ್ಟಿತು. ಪರ್ಲಾಕಿಮಿಡಿ, ಗುಣುಪುರ ಎಲ್ಲ ಆ ಕಡೆಗೆ ಹೋದವು. ತೆಲುಗಿನ ಗಿಡುಗು ಇದನ್ನ ಒಪ್ಪದೆ ಪರ್ಲಾಕಿಮಿಡಿ ಬಿಟ್ಟು ರಾಜಮಂಡ್ರಿಗೆ ಬಂದುಬಿಟ್ಟರು. ಒಡಿಯಾದವರು ಗೆದ್ದರು, ತೆಲುಗಿನವರು ನೊಂದರು. ಸೋರಾ ಜನರನ್ನ ಯಾರೂ ಕೇಳಲಿಲ್ಲ. ಬೆಟ್ಟದ ನಡುವೆ ಗೆರೆ ಬಿತ್ತು ಅಷ್ಟೇ.

ಅದೇ ವರ್ಷ ಜೂನ್ 18ರಂದು ಗುಣುಪುರದ ಕಡೆಯ ಬೆಟ್ಟದಲ್ಲಿ ಮಂಗೇಯಿ ಗೊಮಾಂಗೊ ಅನ್ನೋ ಸೋರಾ ವ್ಯಕ್ತಿಗೆ 24 ಅಕ್ಷರಗಳು ದರ್ಶನವಾದವು ಅನ್ನೋದು ಆ ಸಮುದಾಯದ ನಂಬಿಕೆ. ಅವರ ಮಾವ ಮಾಲಿಯಾ ಗೊಮಾಂಗೊ ಸೋರಾ ಜನರ ಮುಖಂಡ. ಆಗ ಸೋರಾ ಬರೀಬೇಕು ಅಂದ್ರೆ ತೆಲುಗು, ಒಡಿಯಾ ಅಥವಾ ಮಿಷನರಿಗಳ ರೋಮನ್ ಅಕ್ಷರ, ಎಲ್ಲವೂ ಬೇರೆಯವರದ್ದು. ‘ಸೋರಾ ಸೊಂಪೆಂಗ್’ ಅನ್ನೋ ಈ ಹೊಸ ಲಿಪಿಯಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಸೋರಾ ದೇವರ ಹೆಸರು. ಮಾರಿಚಗುಡ ಅನ್ನೋ ಊರಲ್ಲಿ ಅಕ್ಷರಗಳಿಗೇ ಒಂದು ಗುಡಿ ಇದೆ. ಅಕ್ಷರವೇ ಬ್ರಹ್ಮ, ಅದನ್ನೇ ಪೂಜಿಸೋದು.

ನೋಡಿ, ಸೆಕ್ವೋಯ ಮತ್ತು ಮಂಗೇಯಿ ಗೊಮಾಂಗೊ, ನೂರು ವರ್ಷದ ಅಂತರ, ಅರ್ಧ ಭೂಮಿಯ ದೂರ. ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಗೊತ್ತಿರೋ ಸಾಧ್ಯತೆಯೇ ಕಡಿಮೆ. ಇಬ್ಬರೂ ಮಾಡಿದ್ದು ಒಂದೇ: ‘ಬರವಣಿಗೆ ಅನ್ನೋದು ನಿಮ್ಮ ಸೊತ್ತಲ್ಲ, ನಮಗೂ ಬರುತ್ತೆ’ ಅಂತ ತೋರಿಸಿದ್ದು.

ಆದರೆ ಒಂದು ವ್ಯತ್ಯಾಸ. ಚೆರೋಕಿ ಲಿಪಿ ಇಡೀ ಜನಾಂಗದ್ದಾಯ್ತು. ಸೋರಾ ಸೊಂಪೆಂಗ್ ಒಂದು ಪಂಥದ ಲಿಪಿಯಾಗಿ ಉಳೀತು. ಕ್ರೈಸ್ತರಾದ ಸೋರಾಗಳು ಬೈಬಲ್ಲನ್ನ ರೋಮನ್ ಅಕ್ಷರದಲ್ಲಿ ಓದ್ತಾರೆ, ಆಂಧ್ರದ ಮಕ್ಕಳು ತೆಲುಗು ಅಕ್ಷರದಲ್ಲಿ, ಒಡಿಶಾದ ಮಕ್ಕಳು ಒಡಿಯಾದಲ್ಲಿ. ಮಾತು ಒಂದೇ, ಒಬ್ಬರು ಬರೆದ ಚೀಟಿ ಇನ್ನೊಬ್ಬರಿಗೆ ಓದೋಕಾಗಲ್ಲ. ಕೊಂಕಣಿ ಗೊತ್ತಿರೋ ನಮ್ಮ ಕರಾವಳಿಯವರಿಗೆ ಈ ತೊಂದರೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಐಟಿ ಮಂದಿಗೆ ಇನ್ನೊಂದು ವಿಷಯ. ಚೆರೋಕಿ ಲಿಪಿ 1999ರಲ್ಲಿ ಯೂನಿಕೋಡ್ ಸೇರಿತು. 2010ರ ಹೊತ್ತಿಗೆ ಐಫೋನಿನಲ್ಲಿ ಬಂತು, 2012ರಲ್ಲಿ ಜಿಮೇಲ್‌ನಲ್ಲಿ ಬಂತು. ಚೆರೋಕಿ ಸರ್ಕಾರ ಈ ಕಂಪನಿಗಳ ಜೊತೆ ಕೂತು ಮಾಡಿಸಿದ ಕೆಲಸ ಇದು. ಸೋರಾ ಸೊಂಪೆಂಗ್ ಕೂಡ 2012ರಲ್ಲಿ ಯೂನಿಕೋಡ್ ಸೇರಿದೆ, ಗೂಗಲ್‌ನ ನೋಟೋ ಫಾಂಟ್ ಕೂಡ ಇದೆ. ನಮ್ಮ ತುಳು-ತಿಗಳಾರಿ ಸೇರಿದ್ದು 2024ರಲ್ಲಿ. ಸೋರಾ ಜನ ನಮಗಿಂತ ಹನ್ನೆರಡು ವರ್ಷ ಮುಂದೆ! ಆದರೆ ಬರಹ, ನುಡಿ ಕಾಲದ ಪರದಾಟ ನೋಡಿದವರಿಗೆ ಗೊತ್ತು: ಕೋಡ್‌ಪಾಯಿಂಟ್ ಸಿಕ್ಕಿದ ಮಾತ್ರಕ್ಕೆ ಅಮ್ಮ ಮಗನಿಗೆ ಆ ಅಕ್ಷರದಲ್ಲಿ ಮೆಸೇಜ್ ಕಳಿಸಲ್ಲ.

ನೆಲದ ಪ್ರಶ್ನೆ: ಬೊರ್ರಾ ಗುಹೆಯ ಪಕ್ಕದ ಕೇಸು

ಚೆರೋಕಿಗಳಿಗೆ ವೂಸ್ಟರ್ ತೀರ್ಪು ಇದ್ದ ಹಾಗೆ ವಿಶಾಖಪಟ್ಟಣದ ಬೆಟ್ಟಕ್ಕೂ ಒಂದು ತೀರ್ಪಿದೆ. ಬೊರ್ರಾ ಗುಹೆ ಇರೋ ಅನಂತಗಿರಿ ಮಂಡಲದಲ್ಲಿ ಸರ್ಕಾರ ಖಾಸಗಿ ಕಂಪನಿಗಳಿಗೆ ಗಣಿ ಗುತ್ತಿಗೆ ಕೊಟ್ಟಿತ್ತು. ‘ಸಮತಾ’ ಅನ್ನೋ ಸಂಸ್ಥೆ ಕೋರ್ಟಿಗೆ ಹೋಯ್ತು. ಆಂಧ್ರದಲ್ಲಿ ಅದಕ್ಕೂ ಮುಂಚೆಯೇ ಒಂದು ಗಟ್ಟಿ ನಿಯಮ ಇತ್ತು: 1959ರದ್ದು, 1970ರಲ್ಲಿ ತಿದ್ದಿದ್ದು, ಜನರ ಬಾಯಲ್ಲಿ ‘ವನ್ ಆಫ್ ಸೆವೆಂಟಿ’. ಪರಿಶಿಷ್ಟ ಪ್ರದೇಶದಲ್ಲಿ ಆದಿವಾಸಿಯಲ್ಲದವರಿಗೆ ನೆಲ ಹೋಗೋ ಹಾಗಿಲ್ಲ. ಪ್ರಶ್ನೆ ಏನು ಅಂದ್ರೆ, ಸರ್ಕಾರ ತನ್ನದೇ ನೆಲವನ್ನ ಕಂಪನಿಗೆ ಕೊಡಬಹುದಾ?

1997ರ ಜುಲೈ 11ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳಲ್ಲಿ ಇಬ್ಬರು ‘ಕೊಡೋ ಹಾಗಿಲ್ಲ’ ಅಂದರು. ನಿಯಮದಲ್ಲಿ ‘ವ್ಯಕ್ತಿ’ ಅನ್ನೋ ಮಾತಿನೊಳಗೆ ಸರ್ಕಾರವೂ ಬರುತ್ತೆ, ಹಾಗಾಗಿ ಸರ್ಕಾರಿ ನೆಲವೂ ಆದಿವಾಸಿಯಲ್ಲದವರಿಗೆ ಗುತ್ತಿಗೆಗೆ ಹೋಗಬಾರದು ಅಂತ. ಸಮತಾ ತೀರ್ಪು ಅಂದ್ರೆ ಇದು. ಕಾನೂನು ಓದಿದವರೆಲ್ಲ ಇದರ ಹೆಸರು ಕೇಳಿರ್ತಾರೆ, ಅದು ವೈಜಾಗ್ ಪಿಕ್ನಿಕ್ ಜಾಗದ ಪಕ್ಕ ಹುಟ್ಟಿದ್ದು ಅಂತ ಗೊತ್ತಿರೋರು ಕಡಿಮೆ.

ತೀರ್ಪು ಬಂದಮೇಲೆ ಎಲ್ಲ ಸರಿ ಹೋಯ್ತಾ? ಇಲ್ಲ. ಅದೇ ಬೆಟ್ಟಗಳಲ್ಲಿ ಬಾಕ್ಸೈಟ್ ಇದೆ. 2015ರಲ್ಲಿ ಸರ್ಕಾರಿ ನಿಗಮದ ಮೂಲಕ ಗಣಿಗಾರಿಕೆಗೆ ದಾರಿ ಮಾಡೋ ಆದೇಶ ಬಂತು, ಜನ ಬೀದಿಗಿಳಿದರು, 2019ರಲ್ಲಿ ಬೇರೆ ಸರ್ಕಾರ ಬಂದು ಅದನ್ನ ರದ್ದು ಮಾಡ್ತು. ಅಂದ್ರೆ ತೀರ್ಪು ತಾನೇ ಬೇಲಿ ಆಗಲ್ಲ. ಬೇಲಿ ಕಾಯೋ ಜನಕ್ಕೆ ಒಂದು ಕೋಲು ಅಷ್ಟೇ. ಆದರೂ ಆ ಕೋಲು ಇದ್ದದ್ದಕ್ಕೇ ಅರಕು ಕಡೆಯ ಆದಿವಾಸಿ ರೈತರು ಇವತ್ತು ತಮ್ಮ ನೆಲದಲ್ಲೇ ಕಾಫಿ ಬೆಳೀತಾರೆ, ಬೇರೆಯವರ ಎಸ್ಟೇಟಲ್ಲಿ ಕೂಲಿ ಮಾಡ್ತಾ ಇಲ್ಲ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಅಭಯಾರಣ್ಯದೊಳಗೇ ಸಮುದಾಯ ಅರಣ್ಯ ಹಕ್ಕು ಪಡೆದದ್ದೂ ಇದೇ ಜಾತಿಯ ಗೆಲುವು. ಊರು ಚದುರಿದರೆ ಭಾಷೆ ಆಡೋಕೆ ಅಕ್ಕಪಕ್ಕದ ಮನೆ ಇರಲ್ಲ. ನೆಲದ ಕೇಸು ಭಾಷೆಯ ಕೇಸೂ ಆಗೋದು ಹೀಗೆ.

ಒಂದನೇ ಕ್ಲಾಸಿನ ಮೇಷ್ಟ್ರು

ನೆಲ ಉಳಿದವರ ಭಾಷೆಯೂ ಹೋಗಬಹುದು. ಚೆರೋಕಿಗಳಿಗೆ ಆದದ್ದು ಅದೇ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಮಕ್ಕಳನ್ನ ವಸತಿ ಶಾಲೆಗಳಿಗೆ ಹಾಕಿದರು. ಅಲ್ಲಿ ಮನೆಮಾತು ಆಡಿದರೆ ಶಿಕ್ಷೆ. ಆ ಮಕ್ಕಳು ದೊಡ್ಡವರಾದಾಗ ‘ನಾವು ಪಟ್ಟ ಪಾಡು ನಮ್ಮ ಮಕ್ಕಳಿಗೆ ಬೇಡ’ ಅಂತ ಮನೆಯಲ್ಲೂ ಇಂಗ್ಲಿಷ್ ಆಡಿದರು. ದ್ವೇಷದಿಂದಲ್ಲ, ಪ್ರೀತಿಯಿಂದ. 2019ರಲ್ಲಿ ಮೂರು ಚೆರೋಕಿ ಸರ್ಕಾರಗಳೂ ಸೇರಿ ಭಾಷೆಗೆ ‘ತುರ್ತು ಪರಿಸ್ಥಿತಿ’ ಘೋಷಿಸಿದವು. ಲಕ್ಷಗಟ್ಟಲೆ ಸದಸ್ಯರಿರೋ ಒಕ್ಲಹೋಮಾದ ಚೆರೋಕಿಗಳಲ್ಲಿ ಸರಾಗವಾಗಿ ಮಾತಾಡೋರು ಸುಮಾರು 2,000, ಬಹುಪಾಲು ವಯಸ್ಸಾದವರು. ಆ ವರ್ಷ ಅವರ ಸರ್ಕಾರ ಭಾಷೆಗಾಗಿ 1.6 ಕೋಟಿ ಡಾಲರ್ ಎತ್ತಿಟ್ಟಿತು. ದೊಡ್ಡವರಿಗೆ ಸಂಬಳದ ಹಾಗೆ ಹಣ ಕೊಟ್ಟು, ವರ್ಷಗಟ್ಟಲೆ ದಿನವಿಡೀ ಕೂರಿಸಿ ಚೆರೋಕಿ ಕಲಿಸೋ ಯೋಜನೆ ಅವರಲ್ಲಿದೆ. ಅಜ್ಜಿ ಬಿಟ್ಟಿಯಾಗಿ ಕಲಿಸ್ತಿದ್ದ ಮಾತು ಅದು.

ಆಂಧ್ರದಲ್ಲಿ 2004ರ ಸುಮಾರಿಗೆ ಒಂದು ಒಳ್ಳೇ ಪ್ರಯೋಗ ಶುರುವಾಯ್ತು: ಸವರ, ಕುವಿ, ಕೊಂಡ, ಕೋಯ ಮುಂತಾದ ಎಂಟು ಬುಡಕಟ್ಟು ಭಾಷೆಗಳಲ್ಲಿ ಒಂದನೇ ತರಗತಿಯ ಪಾಠ, ತೆಲುಗು ಲಿಪಿಯಲ್ಲಿ. ಮೊದಲು ಮನೆಮಾತು, ಆಮೇಲೆ ಮೆಲ್ಲಗೆ ತೆಲುಗು, ಇಂಗ್ಲಿಷ್. ಇದು ನಡೀಬೇಕು ಅಂದ್ರೆ ಮೇಷ್ಟ್ರಿಗೆ ಆ ಮಾತು ಬರಬೇಕು. 2000ದ ಜನವರಿಯಲ್ಲೇ ಸರ್ಕಾರ ಜಿಒ 3 ಅನ್ನೋ ಆದೇಶದಲ್ಲಿ ಪರಿಶಿಷ್ಟ ಪ್ರದೇಶದ ಶಾಲೆಗಳ ಎಲ್ಲ ಮೇಷ್ಟ್ರ ಕೆಲಸವನ್ನೂ ಸ್ಥಳೀಯ ಆದಿವಾಸಿಗಳಿಗೇ ಮೀಸಲಿಟ್ಟಿತ್ತು. ಬಯಲಿನ ಮೇಷ್ಟ್ರು ಬೆಟ್ಟಕ್ಕೆ ಸರಿಯಾಗಿ ಬರ್ತಿರಲಿಲ್ಲ ಅನ್ನೋದೇ ಕಾರಣ.

ಈಗ 2020ರ ಏಪ್ರಿಲ್ ನೋಡಿ. ನಾವೆಲ್ಲ ಲಾಕ್‌ಡೌನ್‌ನಲ್ಲಿ ಮನೆಯಿಂದ ಕೆಲಸ ಮಾಡ್ತಿದ್ದಾಗ ಒಂದೇ ವಾರದಲ್ಲಿ ಎರಡು ತೀರ್ಪು ಬಂದವು. ಏಪ್ರಿಲ್ 15ಕ್ಕೆ, ವಿಜಯವಾಡದ ಪಕ್ಕದ ಅಮರಾವತಿಯಲ್ಲಿರೋ ಆಂಧ್ರ ಹೈಕೋರ್ಟು ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನ ಕಡ್ಡಾಯ ಮಾಡಿದ್ದ ಆದೇಶ ರದ್ದು ಮಾಡ್ತು. ತೆಲುಗಿನ ಪರವಾಗಿ ದೊಡ್ಡ ಸುದ್ದಿ, ಟೀವಿಯಲ್ಲಿ ಚರ್ಚೆ. ಏಪ್ರಿಲ್ 22ಕ್ಕೆ ಸುಪ್ರೀಂ ಕೋರ್ಟಿನ ಐವರ ಪೀಠ ಜಿಒ 3 ಅನ್ನ ರದ್ದು ಮಾಡ್ತು: ನೂರಕ್ಕೆ ನೂರು ಮೀಸಲಾತಿ ಸಂವಿಧಾನಕ್ಕೆ ಹೊಂದಲ್ಲ ಅಂತ. ಆಗಲೇ ಕೆಲಸದಲ್ಲಿದ್ದವರನ್ನ ತೆಗೀಲಿಲ್ಲ, ಆದರೆ ಮುಂದಿನ ನೇಮಕಕ್ಕೆ ಆ ದಾರಿ ಮುಚ್ಚಿತು. ಸಮಾನತೆಯ ದೃಷ್ಟಿಯಿಂದ ಆ ತೀರ್ಪಿಗೆ ಅದರದೇ ತರ್ಕ ಇದೆ. ಬೆಟ್ಟದ ಶಾಲೆಯಲ್ಲಿ ಕೂತ ಆರು ವರ್ಷದ ಸೋರಾ ಹುಡುಗಿಗೆ ಮಾತ್ರ ಪ್ರಶ್ನೆ ಸರಳ: ಮೇಷ್ಟ್ರು ಹೇಳೋದು ನನಗೆ ಅರ್ಥ ಆಗುತ್ತಾ? ಬಯಲಿನಲ್ಲಿ ನಡೆಯೋ ತೆಲುಗೋ ಇಂಗ್ಲಿಷೋ ಅನ್ನೋ ವಾದದಲ್ಲಿ ಅವಳ ಭಾಷೆಯ ಹೆಸರೇ ಬರಲ್ಲ.

ಅದೇ ವರ್ಷ ಜುಲೈ 9ರಂದು ಅಮೆರಿಕದ ಸುಪ್ರೀಂ ಕೋರ್ಟು ಮೆಕ್‌ಗರ್ಟ್ ಪ್ರಕರಣದಲ್ಲಿ, ಒಕ್ಲಹೋಮಾದ ಕ್ರೀಕ್ ಜನರ ಮೀಸಲು ನೆಲ ಕಾನೂನಿನ ಪ್ರಕಾರ ಯಾವತ್ತೂ ರದ್ದಾಗಿಲ್ಲ ಅಂತ ಹೇಳಿತು. 2021ರಲ್ಲಿ ಅಲ್ಲಿನ ರಾಜ್ಯ ಕೋರ್ಟು ಚೆರೋಕಿಗಳಿಗೂ ಅದನ್ನೇ ಅನ್ವಯಿಸಿತು. ವೂಸ್ಟರ್ ತೀರ್ಪಿಗೆ ಹತ್ತಿರ ಹತ್ತಿರ 190 ವರ್ಷ ಆದಮೇಲೆ.

ನಮಗೆ ಇದರಿಂದ ಏನು?

ಮೊದಲು ಒಂದು ಮಾತು ನೇರವಾಗಿ ಹೇಳಿಬಿಡಬೇಕು. ಊರು ಬಿಟ್ಟು ಬಂದ ಕನ್ನಡಿಗರು ಚೆರೋಕಿಗಳೂ ಅಲ್ಲ, ಸೋರಾಗಳೂ ಅಲ್ಲ. ನಮ್ಮನ್ನ ಯಾರೂ ಎಬ್ಬಿಸಿ ಕಳಿಸಲಿಲ್ಲ, ಆಫರ್ ಲೆಟರ್ ಹಿಡಿದು ಬಂದೆವು. ನಮ್ಮ ಭಾಷೆಗೆ ಒಂದು ರಾಜ್ಯ ಇದೆ, ಸಿನಿಮಾ ಇದೆ, 2011ರ ಲೆಕ್ಕದಲ್ಲೇ 4 ಕೋಟಿಗೂ ಹೆಚ್ಚು ಜನ ಇದ್ದಾರೆ. ವೈಜಾಗಿನಲ್ಲಿ ನಮ್ಮ ಮನೆಯ ಮಗು ಕನ್ನಡ ಮರೆತರೆ ಕನ್ನಡ ಸಾಯಲ್ಲ. ಆದರೆ ಆ ಮಗುವಿಗೂ ಊರಿನ ಅಜ್ಜಿಗೂ ನಡುವಿನ ಮಾತು ನಿಂತುಹೋಗುತ್ತೆ. ಆ ಮಟ್ಟಿಗೆ ಚೆರೋಕಿ ಅಪ್ಪ ಅಮ್ಮ ಮಾಡಿದ ನಿರ್ಧಾರ ನಮ್ಮ ಮನೆಯಲ್ಲೂ ದಿನಾ ಆಗ್ತಾ ಇದೆ, ಅದೇ ಪ್ರೀತಿಯ ಕಾರಣಕ್ಕೆ. ಅಲ್ಲಿ 1.6 ಕೋಟಿ ಡಾಲರ್ ಖರ್ಚು ಮಾಡಿ ಮರಳಿ ತರ್ತಾ ಇರೋದನ್ನ ನಾವು ರಾತ್ರಿ ಊಟದ ಹೊತ್ತಿನಲ್ಲಿ ಖರ್ಚಿಲ್ಲದೆ ಉಳಿಸಿಕೊಳ್ಳಬಹುದು. ಲಿಪಿ ಕಲಿಸೋ ಕ್ಲಾಸು, ಆ್ಯಪ್ ಎಲ್ಲ ಆಮೇಲೆ. ಮೊದಲು ಮನೆಯಲ್ಲಿ ಮಾತು.

ಎರಡನೇದು, ನಾವು ಇರೋ ನೆಲದ ಬಗ್ಗೆ. ತೆಲುಗು ಲಿಪಿ ನಮ್ಮ ಕನ್ನಡದ ಅಕ್ಕತಂಗಿ. ವರ್ಷದೊಳಗೆ ಬೋರ್ಡು ಓದೋಕೆ ಬಂದುಬಿಡುತ್ತೆ. ತೆಲುಗು ಕಲೀರಿ, ಅದು ಇಲ್ಲಿನವರಿಗೆ ಕೊಡೋ ಮರ್ಯಾದೆ. ಆದರೆ ಅರಕುಗೆ, ಸೀತಂಪೇಟಗೆ ಹೋದಾಗ ಎದುರಿಗಿರೋ ಹೆಂಗಸಿಗೆ ತೆಲುಗು ಕೂಡ ಎರಡನೇ ಭಾಷೆ ಇರಬಹುದು ಅಂತ ನೆನಪಿರಲಿ. ‘ನಿಮ್ಮ ಭಾಷೆ ಯಾವುದಮ್ಮಾ?’ ಅಂತ ಒಂದು ಸಲ ಕೇಳಿ ನೋಡಿ. ‘ಸವರ’, ‘ಕುವಿ’, ‘ಗದಬ’, ‘ಪೋರ್ಜ’, ಯಾವ ಹೆಸರು ಬಂದರೂ ಅದರ ಹಿಂದೆ ಇಷ್ಟುದ್ದದ ಕಥೆ ಇರುತ್ತೆ.

ಸಂತಾಲಿ ಜನಕ್ಕೆ 1925ರಲ್ಲಿ ರಘುನಾಥ್ ಮುರ್ಮು ಓಲ್ ಚಿಕಿ ಲಿಪಿ ಮಾಡಿಕೊಟ್ಟರು, 2003ರಲ್ಲಿ ಸಂತಾಲಿ ಸಂವಿಧಾನದ ಎಂಟನೇ ಅನುಸೂಚಿ ಸೇರಿತು. ಅಲ್ಲಿ ಲಿಪಿಯ ಹಿಂದೆ ಎಪ್ಪತ್ತು ಲಕ್ಷ ಜನರ ಬಲ ಇತ್ತು. ನಾಲ್ಕು ಲಕ್ಷ ಜನರ, ಗಡಿಯ ಎರಡೂ ಕಡೆ ಹಂಚಿಹೋದ, ನಾಲ್ಕು ಲಿಪಿಯಲ್ಲಿ ಬರೆಯೋ ಸೋರಾ ಭಾಷೆಗೆ ಆ ದಾರಿ ಇನ್ನೂ ಉದ್ದ ಇದೆ. ಅಲ್ಲಿಯವರೆಗೆ ಅದನ್ನ ಕಾಯ್ತಿರೋದು ಬೆಟ್ಟದ ಊರು, ಊರಿನ ಹೊಲ, ಮತ್ತು ಒಂದನೇ ಕ್ಲಾಸಿನಲ್ಲಿ ಆ ಮಾತು ಬಲ್ಲ ಮೇಷ್ಟ್ರು ಸಿಕ್ಕಿದ ಅದೃಷ್ಟವಂತ ಮಕ್ಕಳು.

ನೀವಿರೋ ಊರಿನ ಸುತ್ತಮುತ್ತ ಯಾವ ಸಣ್ಣ ಭಾಷೆ ಇದೆ ಅನ್ನೋದನ್ನ ನಮಗೆ ಬರೆದು ತಿಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.